ತಲೆಕೆಳಗಾದ ಸೈಕಲ್ಲಿನ ಎಡೆಕುಂಟೆ

ಎರೆಭೂಮಿಯ ಒಕ್ಕಲುತನವನ್ನು ಬಲ್ಲವರಿಗೆ ಎಡೆ ಹೊಡೆಯುವ ದಿನಗಳ ಅವಸರ ಎಂಥದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ನಿಂತ ಮರುದಿನ ಹೊಲಕ್ಕೆ ಕಾಲಿಟ್ಟರೆ ಮಣ್ಣು ಮೊಳಕಾಲಿನವರೆಗೆ ಮೆತ್ತಿಕೊಳ್ಳುತ್ತದೆ. ಎಂಟು ದಿನ ಬಿಟ್ಟು ಹೋದರೆ ಅದೇ ಮಣ್ಣು ಕಲ್ಲಿನಂತೆ ಬಿರಿದು ನಿಂತಿರುತ್ತದೆ. ಇವೆರಡರ ನಡುವೆ ದೊರೆಯುವ ಮೂರೋ ನಾಲ್ಕೋ ದಿನಗಳ ಹದವನ್ನು ಹಿಡಿದವನಿಗೆ ಬೆಳೆ, ಬಿಟ್ಟವನಿಗೆ ಕಸ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಒಕ್ಕಲು ಮನೆತನಗಳಲ್ಲಿ ಹುಟ್ಟಿದ ನಮ್ಮ ಓದುಗರೆಲ್ಲರೂ ಇದನ್ನು ಬಾಲ್ಯದಿಂದಲೇ ಕಂಡುಂಡವರು.

ಮುಂಗಾರಿನ ಹೆಸರು ಅರವತ್ತೈದು ಎಪ್ಪತ್ತು ದಿನಗಳ ಬೆಳೆ. ಮೃಗಶಿರಾ ಮಳೆಗೆ ಬಿತ್ತಿದರೆ ಪುನರ್ವಸುವಿನ ಹೊತ್ತಿಗೆ ಎಡೆ ಆಡಲೇಬೇಕು. ಇಪ್ಪತ್ತು ಇಪ್ಪತ್ತೈದು ದಿನಗಳ ಆ ಸಸಿಗಳ ನಡುವೆ ಕಸವನ್ನು ಬೆಳೆಯಗೊಟ್ಟರೆ ಮುಂದೆ ಎಷ್ಟು ಕೈ ಹಚ್ಚಿದರೂ ಹೋದ ಇಳುವರಿ ಮರಳಿ ಬಾರದು. ಎಡೆಕುಂಟೆ ಕಸವನ್ನಷ್ಟೇ ಕೊಯ್ಯುವುದಿಲ್ಲ. ಮೇಲುಮಣ್ಣನ್ನು ಸಡಿಲಿಸಿ ಬಿರುಕುಗಳನ್ನು ಮುಚ್ಚಿ, ಒಳಗಿನ ತೇವ ಆರಿಹೋಗದಂತೆ ತಡೆಯುತ್ತದೆ. ಮಳೆಯನ್ನೇ ನಂಬಿದ ಬೇಸಾಯಕ್ಕೆ ಈ ಎರಡನೆಯ ಉಪಕಾರ ಮೊದಲನೆಯದಕ್ಕಿಂತ ಕಿರಿದಲ್ಲ.

ಆದರೆ ಎಡೆಕುಂಟೆಗೆ ಎತ್ತು ಬೇಕು. ಎತ್ತಿಗೆ ಮೇವು ಬೇಕು, ಕೊಟ್ಟಿಗೆ ಬೇಕು, ವರ್ಷವಿಡೀ ಅದನ್ನು ನೋಡಿಕೊಳ್ಳುವ ಮನುಷ್ಯ ಬೇಕು. ಎರಡು ಮೂರು ಎಕರೆಯ ಒಡೆಯನಿಗೆ ಇಂದು ಜೋಡೆತ್ತು ಕಟ್ಟುವುದು ಆಗದ ಮಾತು. ಟ್ರ್ಯಾಕ್ಟರು ಬಿತ್ತುವವರೆಗೆ ನೆರವಾದೀತು; ಬೆಳೆ ಎದ್ದು ನಿಂತ ಮೇಲೆ ಒಂದು ಅಡಿಯ ಸಾಲುಗಳ ನಡುವೆ ಅದು ಹೋಗಲಾರದು. ಬಾಡಿಗೆಗೆ ಎತ್ತು ಹೂಡಿಸೋಣವೆಂದರೆ ಊರಿನವರೆಲ್ಲರಿಗೂ ಹದ ಬರುವುದು ಅದೇ ನಾಲ್ಕು ದಿನಗಳಲ್ಲಿ. ಎತ್ತಿನ ಒಡೆಯ ಮೊದಲು ತನ್ನ ಹೊಲ ಮುಗಿಸಿ, ಬಳಿಕ ಬೀಗರ ಹೊಲ ಮುಗಿಸಿ, ನಮ್ಮ ಬಳಿಗೆ ಬರುವ ಹೊತ್ತಿಗೆ ನೆಲ ಗಟ್ಟಿಯಾಗಿರುತ್ತದೆ. ಅದು ಅವನ ತಪ್ಪೂ ಅಲ್ಲ.

ಈ ಇಕ್ಕಟ್ಟಿನಿಂದಲೇ ಸೈಕಲ್ ಎಡೆಕುಂಟೆ ಹುಟ್ಟಿತು. ಹಳೆಯ ಸೈಕಲ್ಲಿನ ಒಂದು ಗಾಲಿ, ಅದಕ್ಕೊಂದು ಹಿಡಿ, ಗಾಲಿಯ ಹಿಂದೆ ಒಂದು ಕುಡ. ಮನುಷ್ಯ ಹಿಂದಿನಿಂದ ದೂಡಿಕೊಂಡು ಸಾಲಿನಲ್ಲಿ ನಡೆಯುವುದು. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಇದನ್ನು ಈಗ ಕಾಣಬಹುದು. ನೆರೆಯ ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ರೈತ ಗೋಪಾಳ ಭಿಸೆಯವರು ಇಂಥದೇ ಸಾಧನವನ್ನು ‘ಕೃಷಿರಾಜ’ ಎಂಬ ಹೆಸರಿನಲ್ಲಿ ರೂಪಿಸಿ ಹೆಸರಾದರು. ಇನ್ನೂ ಹಿಂದಕ್ಕೆ ಹೋದರೆ, ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಮೆರಿಕೆಯ ಸ್ಯಾಮ್ಯುಯೆಲ್ ಅಲೆನ್ ಎಂಬಾತ ‘ಪ್ಲ್ಯಾನೆಟ್ ಜೂನಿಯರ್’ ಎಂಬ ಗಾಲಿಗುದ್ದಲಿಯನ್ನು ಮಾಡಿ ಮಾರುತ್ತಿದ್ದನು. ಗಾಲಿಯ ಮೇಲೆ ಕುಡವನ್ನು ಸಾಗಿಸುವ ವಿಚಾರ ಹೊಸತಲ್ಲ. ಅದನ್ನು ಮನೆಯ ಅಂಗಳದಲ್ಲಿ, ಇದ್ದ ವಸ್ತುವಿನಿಂದ, ಯಾರ ನೆರವೂ ಇಲ್ಲದೆ ಮಾಡಿಕೊಳ್ಳುವ ಬಗೆಯಲ್ಲಿ ಹೊಸತನವಿದೆ.

ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಗೆ ಪ್ರವಚನದ ನಿಮಿತ್ತ ನಾವು ಹೋಗಿದ್ದಾಗ ಅಂಥದೊಂದು ಸಾಧನವನ್ನು ಕಂಡೆವು. ನಾವು ಅದುವರೆಗೆ ಕಂಡಿದ್ದ ಸೈಕಲ್ ಕುಂಟೆಗಳಿಗೂ ಅದಕ್ಕೂ ಒಂದು ಭೇದವಿತ್ತು. ಉಳಿದವರು ಚೌಕಟ್ಟನ್ನು ಕತ್ತರಿಸಿ, ಬೇಕಾದ ಭಾಗವನ್ನು ಇಟ್ಟುಕೊಂಡು, ಮಿಕ್ಕದ್ದನ್ನು ಗುಜರಿಗೆ ಹಾಕುವರು. ಈ ತರುಣನು ಸೈಕಲ್ಲಿನ ಒಂದು ಕೊಳವೆಯನ್ನೂ ಕತ್ತರಿಸದೆ, ಇಡೀ ಚೌಕಟ್ಟನ್ನೇ ತಲೆಕೆಳಗು ಮಾಡಿ, ಅದರಿಂದ ಎಡೆಕುಂಟೆಯನ್ನು ನಿಲ್ಲಿಸಿದ್ದನು. ಏಕೆ ಹೀಗೆ ಎಂದು ಕೇಳಿದಾಗ, “ಅದು ನನ್ನ ಮಗಳ ಸೈಕಲ್ರೀ ಅಜ್ಜಾರ, ಕಡದ್ರ ಆಕಿ ಸುಮ್ನ ಬಿಡ್ತಿದ್ದಿಲ್ಲ” ಎಂದನು. ಒಳಗಿನಿಂದ ಆ ಮಗಳ ದನಿಯೂ ಕೇಳಿತು: “ಕಡೀಲಾರದ ಮಾಡು ಅಂದೆ, ಮಾಡ್ಯಾನ್ರೀ.”

ಮನೆಯ ಸ್ಥಿತಿ ಹೀಗಿತ್ತು. ಮೂರು ಎಕರೆ ಎರೆ. ಜೋಡೆತ್ತುಗಳಲ್ಲಿ ಒಂದು ಸತ್ತು, ಉಳಿದೊಂದನ್ನು ಮಾರಿ ಎರಡು ವರ್ಷಗಳಾಗಿದ್ದವು. ಹಿಂದಿನ ವರ್ಷ ಬಾಡಿಗೆಯ ಎತ್ತಿಗೆ ಕಾಯುತ್ತ ಹದ ತಪ್ಪಿ, ಹೆಸರಿನ ಹೊಲ ಅರ್ಧಕ್ಕರ್ಧ ಕಸದ ಪಾಲಾಗಿತ್ತು. ಈ ಸಲವೂ ಹಾಗೆಯೇ ಆದರೆ ಹಿಂಗಾರಿಗೆ ಕಡಲೆಬೀಜ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಮನೆಯಲ್ಲಿದ್ದ ಕಬ್ಬಿಣವೆಂದರೆ ಮಗಳಿಗೆ ಎಂಟನೆಯ ಇಯತ್ತೆಯಲ್ಲಿ ಸರಕಾರದಿಂದ ಬಂದ ಸೈಕಲ್ಲು. ಕರ್ನಾಟಕ ಸರಕಾರವು ೨೦೦೬-೦೭ರಲ್ಲಿ ಆರಂಭಿಸಿದ ಆ ಯೋಜನೆಯಿಂದ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲೇರಿದರು; ೨೦೧೯-೨೦ರ ಬಳಿಕ, ಕೊರೋನಾ ಕಾಲದಲ್ಲಿ, ಆ ವಿತರಣೆ ನಿಂತುಹೋಯಿತು. ಈ ಹುಡುಗಿ ಈಗ ಕಾಲೇಜಿಗೆ ಹೋಗುವವಳು. ಬಸ್ಸು ನಿಲ್ಲುವ ದೊಡ್ಡ ರಸ್ತೆಯವರೆಗೆ ಅವಳಿಗೆ ಆ ಸೈಕಲ್ಲೇ ಗತಿ. ಮಳೆಗಾಲದ ಎರಡು ವಾರ ಅವಳು ನಡೆದು ಹೋಗಲು ಸಿದ್ಧ. ಸೈಕಲ್ಲನ್ನು ಶಾಶ್ವತವಾಗಿ ಕಳೆದುಕೊಳ್ಳಲು ಸಿದ್ಧಳಲ್ಲ.

ಅವಳ ಹಟ ನ್ಯಾಯವಾದುದೆಂದೇ ನಾವು ಭಾವಿಸುತ್ತೇವೆ. ಆ ಹಟವಿಲ್ಲದಿದ್ದರೆ ಈ ಯುಕ್ತಿಯೂ ಹೊಳೆಯುತ್ತಿರಲಿಲ್ಲ.

ಸೈಕಲ್ಲಿನ ಚೌಕಟ್ಟು ಎಂಬುದು ಸಾಮಾನ್ಯ ವಸ್ತುವಲ್ಲ. ೧೮೧೭ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಮೊದಲು ಓಡಿಸಿದ ದ್ವಿಚಕ್ರಕ್ಕೆ ಪೈಡ್ಲೂ ಇರಲಿಲ್ಲ, ಚೈನೂ ಇರಲಿಲ್ಲ. ಮರದ ತೊಲೆಯ ಮೇಲೆ ಕುಳಿತು ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಾಗಿತ್ತು. ಇಂದು ನಾವು ಕಾಣುವ ರೂಪಕ್ಕೆ ಹತ್ತಿರವಾದ ಸೈಕಲ್ಲನ್ನು ೧೮೮೫ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಎಂಬ ಹೆಸರಿನಿಂದ ಹೊರತಂದನು. ಮೂರು ವರ್ಷಗಳ ತರುವಾಯ, ೧೮೮೮ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಬಂಡಿಗಾಗಿ ಗಾಳಿ ತುಂಬಿದ ಟಾಯರನ್ನು ಮಾಡಿದನು. ದನಕರುಗಳ ವೈದ್ಯನೊಬ್ಬನು ಮಗನ ಆಟಕ್ಕೆಂದು ಮಾಡಿದ ವಸ್ತು ಇಂದು ಕುಂದಗೋಳದ ಹೆಸರಿನ ಹೊಲದಲ್ಲಿ ಉರುಳುತ್ತಿದೆ.

ಎರಡು ತ್ರಿಕೋನಗಳನ್ನು ಬೆನ್ನಿಗೆ ಬೆನ್ನು ಹಚ್ಚಿದಂತಿರುವ ಆ ಚೌಕಟ್ಟಿನ ಗುಟ್ಟೆಂದರೆ, ತ್ರಿಕೋನವನ್ನು ಯಾವ ಕಡೆಯಿಂದ ಒತ್ತಿದರೂ ಅದರ ಆಕಾರ ಕೆಡುವುದಿಲ್ಲ. ನಾಲ್ಕು ಬದಿಯ ಚೌಕ ಓರೆಯಾಗಿ ಮಲಗಬಲ್ಲದು. ತ್ರಿಕೋನ ಮುರಿದೀತೇ ಹೊರತು ಮಲಗದು. ನಮ್ಮ ಹಳ್ಳಿಯ ಬಡಿಗರು ಮಾಡಿನ ಮರಗಳನ್ನು ಹೂಡುವಾಗ ಇದೇ ತತ್ತ್ವವನ್ನು ಬಳಸುತ್ತ ಬಂದವರು. ಹನ್ನೆರಡನೆಯ ಶತಮಾನದ ಬಾಚಿಕಾಯಕದ ಬಸವಯ್ಯನು ತನ್ನ ವಚನಗಳಿಗೆ ಬಡಗಿಯ ವೃತ್ತಿಯ ಪರಿಭಾಷೆಯನ್ನೇ ತಂದನಲ್ಲವೆ? ಆ ಶರಣನಿಗೆ ಈ ಉಕ್ಕಿನ ಕೊಳವೆಗಳನ್ನು ತೋರಿಸಿದ್ದರೆ ಒಂದು ಗಳಿಗೆಯಲ್ಲಿ ಅವುಗಳ ಮರ್ಮವನ್ನು ಅರಿಯುತ್ತಿದ್ದನೆಂದು ನಮಗೆ ತೋರುತ್ತದೆ.

ಹೆಣ್ಣುಮಕ್ಕಳ ಸೈಕಲ್ಲಿಗೆ ಮೇಲಿನ ಅಡ್ಡದಂಡವಿಲ್ಲ. ಲಂಗ, ಸೀರೆಗಳಿಗೆ ಅಡ್ಡಿಯಾಗಬಾರದೆಂದು ಅದನ್ನು ಕೆಳಗಿಳಿಸಿರುತ್ತಾರೆ. ಇದರಿಂದ ಮುಂದಿನ ತ್ರಿಕೋನ ಕಿರಿದಾಗಿ ಚೌಕಟ್ಟು ತುಸು ದುರ್ಬಲವಾಗುತ್ತದೆ, ಹಿಂದಿನ ತ್ರಿಕೋನ ಮಾತ್ರ ಇದ್ದಂತೆಯೇ ಇರುತ್ತದೆ. ಮುಂದೆ ಬಂದ ತೊಡಕುಗಳಿಗೆಲ್ಲ ಈ ಒಂದು ಸಂಗತಿಯೇ ಮೂಲವಾಯಿತಾದ್ದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಪಂಕ್ಚರ್ ತೆಗೆಯುವಾಗ ಸೈಕಲ್ಲನ್ನು ಸೀಟು ಮತ್ತು ಹ್ಯಾಂಡಲ್ಲುಗಳ ಮೇಲೆ ಮಗುಚಿ ನಿಲ್ಲಿಸುವುದುಂಟಷ್ಟೆ? ಒಂದು ದಿನ ಹಾಗೆ ನಿಲ್ಲಿಸಿ, ಮುಂದಿನ ಗಾಲಿಯನ್ನು ಬಿಚ್ಚಿಟ್ಟು, ಹಿಂದಿನ ಗಾಲಿ ನೆಲ ಮುಟ್ಟುವಂತೆ ಚೌಕಟ್ಟನ್ನು ಎತ್ತಿ ಹಿಡಿದಾಗ ತರುಣನಿಗೆ ಒಂದು ಆಕಾರ ಕಣ್ಣಿಗೆ ಬಿತ್ತು. ಹಿಂದಿನ ಗಾಲಿಯನ್ನು ಮುಂದಾಗಿರಿಸಿ, ಮಗುಚಿದ ಚೌಕಟ್ಟಿನ ಇನ್ನೊಂದು ತುದಿಯನ್ನು ಮೇಲಕ್ಕೆ ಎತ್ತಿದರೆ, ಗಾಲಿಯ ಅಚ್ಚಿನಿಂದ ಸೀಟಿನ ಬುಡಕ್ಕೆ ಹೋಗುವ ಎರಡು ಸಣ್ಣ ಕೊಳವೆಗಳು ನೆಲಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ನಿಲ್ಲುತ್ತವೆ. ಪೈಡ್ಲಿನ ಗೂಡು ಗಾಲಿಯ ಮೇಲುಗಡೆಗೆ ಏರುತ್ತದೆ. ಹ್ಯಾಂಡಲ್ಲು ಕೂಡುವ ತಲೆಯ ನಳಿಗೆ ಹಿಂದಕ್ಕೆ, ಸುಮಾರು ಮೂರು ಅಡಿ ಎತ್ತರಕ್ಕೆ, ಅಂದರೆ ನಡೆಯುವ ಮನುಷ್ಯನ ಸೊಂಟದ ಮಟ್ಟಕ್ಕೆ ಬರುತ್ತದೆ. ಸೀಟಿನ ದಂಡ ತೂರುವ ನಳಿಗೆಯ ಬಾಯಿ ಕೆಳಮುಖವಾಗಿ ನೆಲದತ್ತ ನೋಡುತ್ತ, ನೆಲದಿಂದ ಒಂದೂಕಾಲು ಅಡಿಯಷ್ಟು ಮೇಲೆ ನಿಲ್ಲುತ್ತದೆ.

ಈ ಕಡೆಯ ಸಂಗತಿಯೇ ಇಡೀ ಸಾಧನದ ಜೀವಾಳ. ಎಡೆಕುಂಟೆಗೆ ಕುಡವನ್ನು ಹಿಡಿದಿಡುವ ತಾಳು ಬೇಕು. ಆ ತಾಳನ್ನು ಮಣ್ಣಿನ ಹದ ನೋಡಿ ಏರಿಸಲು ಇಳಿಸಲು ಬರಬೇಕು. ಸೀಟನ್ನು ಸವಾರನ ಎತ್ತರಕ್ಕೆ ತಕ್ಕಂತೆ ಏರಿಸಿ ಇಳಿಸಿ ಒಂದು ನಟ್ಟಿನಿಂದ ಬಿಗಿಯುವ ವ್ಯವಸ್ಥೆ ಸೈಕಲ್ಲಿನಲ್ಲಿ ಮೊದಲೇ ಇದೆ. ಮಗುಚಿದಾಗ ಸೀಟಿನ ದಂಡದ ಜಾಗಕ್ಕೆ ತಾಳನ್ನು ತೂರಿಸಿದರೆ ಆಯಿತು. ಕಾರ್ಖಾನೆಯವರು ಸವಾರನ ಸುಖಕ್ಕೆಂದು ಮಾಡಿದ ಏರ್ಪಾಡು ಒಕ್ಕಲಿಗನ ಕುಡದ ಆಳವನ್ನು ನಿಶ್ಚಯಿಸುವ ಏರ್ಪಾಡಾಯಿತು.

ಇಲ್ಲಿ ಒಂದು ಪ್ರಾಸಂಗಿಕ ಮಾತು. ಚೌಕಟ್ಟನ್ನು ಹೀಗೆ ಮಗುಚಿ, ಅದರ ಮೇಲೆ ಉದ್ದನೆಯ ಸೀಟುದಂಡ ನೆಟ್ಟು, ಆಳೆತ್ತರದಲ್ಲಿ ಕುಳಿತು ಸವಾರಿ ಮಾಡುವ ಹವ್ಯಾಸಿಗಳು ಪರದೇಶಗಳಲ್ಲಿ ಇದ್ದಾರೆ. ಸಣ್ಣ ಚೌಕಟ್ಟುಗಳಿಂದ ಮಾತ್ರ ಅದು ಸಾಧ್ಯ. ನಮ್ಮ ಕಡೆಯ ಇಪ್ಪತ್ತೆರಡು, ಇಪ್ಪತ್ನಾಲ್ಕು ಇಂಚಿನ ಗಂಡುಸೈಕಲ್ಲುಗಳನ್ನು ಸವಾರಿಗೆ ಹಾಗೆ ಮಗುಚಿದರೆ ಅಡ್ಡದಂಡ ನೆಲಕ್ಕೇ ತಾಗುತ್ತದೆ. ನಮ್ಮ ಬಾಲ್ಯದಲ್ಲಿ ಜಾತ್ರೆಯ ಬಯಲಿನಲ್ಲಿ ಹಗಲಿರುಳು ಇಳಿಯದೆ ಸೈಕಲ್ ಹೊಡೆಯುವ ಸಾಹಸಿಗಳು ಬರುತ್ತಿದ್ದರು. ಕಾಲಿಂದ ಹ್ಯಾಂಡಲ್ ಹಿಡಿದು ಕೈಯಿಂದ ಪೈಡ್ಲು ತಿರುಗಿಸುವುದನ್ನು ಮಠದ ವಿದ್ಯಾರ್ಥಿಗಳಾದ ನಾವು ಪಾಠ ತಪ್ಪಿಸಿಕೊಂಡು ನೋಡಿದ್ದುಂಟು. ಅಂದು ಊರಿಗೊಂದೆರಡೇ ಸೈಕಲ್ಲು. ಮದ್ರಾಸಿನ ಟಿ.ಐ. ಕಂಪನಿ ೧೯೪೯ರಲ್ಲಿ, ಸೋನಿಪತ್ತಿನ ಅಟ್ಲಾಸ್ ೧೯೫೧ರಲ್ಲಿ, ಲುಧಿಯಾನದ ಹೀರೋ ೧೯೫೬ರಲ್ಲಿ ಕೆಲಸ ಆರಂಭಿಸಿದ್ದವು. ಆದರೂ ನಮ್ಮೂರ ಹುಡುಗರ ಪಾಲಿಗೆ ಸೈಕಲ್ಲೆಂದರೆ ತಾಸಿನ ಬಾಡಿಗೆಗೆ ತಂದು, ಅಡ್ಡದಂಡದ ಒಳಗೆ ಕಾಲು ತೂರಿಸಿ, ಬಿದ್ದು ಕಲಿಯುವ ವಸ್ತುವೇ ಆಗಿತ್ತು. ಅಷ್ಟು ಗೌರವದ ವಾಹನವನ್ನು ಮಗುಚಿ ಹೊಲಕ್ಕೆ ಇಳಿಸಿದ್ದನ್ನು ಕಂಡಾಗ ನಮಗೆ ಮೊದಲು ಕಸಿವಿಸಿಯಾದದ್ದು ನಿಜ.

ಇನ್ನು ಕೆಲಸದ ಕ್ರಮ. ಮೊದಲು ಚೈನು, ಚೈನಿನ ಕವಚ, ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡುಗಳನ್ನು ಬಿಚ್ಚಿ, ಅವುಗಳ ನಟ್ಟುಬೋಲ್ಟುಗಳೊಂದಿಗೆ ಒಂದು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಇಟ್ಟನು. ಮಡ್‌ಗಾರ್ಡನ್ನು ತೆಗೆಯಲೇಬೇಕು; ಎರೆಮಣ್ಣು ಅದರ ಸಂದಿಯಲ್ಲಿ ತುಂಬಿದರೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಬಳಿಕ ಪೈಡ್ಲಿನ ಅಚ್ಚನ್ನು ಹೊರತೆಗೆಯಬೇಕಾಯಿತು. ಈ ಕೆಲಸಕ್ಕೆ ಕೈಹಾಕುವವರಿಗೆ ಒಂದು ಎಚ್ಚರಿಕೆ ಅವಶ್ಯ. ಎಡಗಡೆಯ ಪೈಡ್ಲು ಎಲ್ಲ ತಿರುಪುಗಳಂತೆ ಬಿಚ್ಚುವುದಿಲ್ಲ, ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಪೈಡ್ಲಿನ ಗೂಡಿನ ಬಲಗಡೆಯ ಬಟ್ಟಲಿಗೂ ಇದೇ ಮಾತು. ತುಳಿಯುತ್ತ ತುಳಿಯುತ್ತ ತಾನಾಗಿ ಸಡಿಲವಾಗಬಾರದೆಂದು ಮಾಡಿದ ಯುಕ್ತಿ ಇದು. ಮುಂದೆ ವಿಮಾನ ಹಾರಿಸಿ ಜಗತ್ಪ್ರಸಿದ್ಧರಾದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿಯವರೇ. ಎಡಪೈಡ್ಲಿನ ಈ ತಿರುಪನ್ನು ಅವರು ೧೯೦೦ರಲ್ಲಿ ತಮ್ಮ ಸೈಕಲ್ಲುಗಳಿಗೆ ಹಾಕಿದರು. ಇದನ್ನು ಅರಿಯದೆ ಬಲ ಹಾಕಿದರೆ ತಿರುಪಿನ ಗೆರೆಗಳು ಸವೆದು, ಮುಂದೆ ಸೈಕಲ್ಲು ಸೈಕಲ್ಲಾಗಿ ಉಳಿಯುವುದಿಲ್ಲ.

ಕುಡವನ್ನು ಊರಿನ ಕಂಬಾರನೇ ಮಾಡಿಕೊಟ್ಟನು. ಲಾರಿಯ ಹಳೆಯ ಪಾಟಾದ ತುಂಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ತೆಳುವಾಗಿಸಿ, ನಡುವೆ ಚೂಪಾಗಿ ಎರಡೂ ಕಡೆಗೆ ಹಿಂದಕ್ಕೆ ಬಾಗಿದ ರೆಕ್ಕೆಗಳಿರುವಂತೆ ರೂಪಿಸಿದನು. ಪಾಟಾದ ಉಕ್ಕು ಒಳ್ಳೆಯದು. ಆದರೆ ಕಾಯಿಸಿ ತಾನಾಗಿ ಆರಗೊಟ್ಟರೆ ಅದರ ಬಿಗಿ ಹೋಗಿ ಬಾಯಿ ಬೇಗ ಮೊಂಡಾಗುತ್ತದೆ. ಕೆಂಪಗಿರುವಾಗ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದರೆ ಗಡಸುತನವೂ ಉಳಿಯುತ್ತದೆ, ಕಲ್ಲಿಗೆ ತಾಗಿದಾಗ ಸಿಡಿಯುವುದೂ ಇಲ್ಲ. ಎಷ್ಟು ಕಾಯಿಸಬೇಕೆಂಬುದನ್ನು ಕಂಬಾರನು ಉಕ್ಕಿನ ಮೇಲೆ ಹರಿದಾಡುವ ಬಣ್ಣವನ್ನು ನೋಡಿಯೇ ನಿರ್ಣಯಿಸುವನು. ಅಗಲ ಏಳು ಇಂಚು. ಹೆಸರಿನ ಸಾಲುಗಳ ಅಂತರ ಒಂದು ಅಡಿ. ಎರಡೂ ಬದಿಗೆ ಎರಡೂವರೆ ಇಂಚು ಬಿಟ್ಟರೆ ಸಸಿಯ ಬೇರಿಗೆ ಪೆಟ್ಟಾಗುವುದಿಲ್ಲ. ತಾಳಿಗೆ ಸೀಟಿನ ನಳಿಗೆಯಲ್ಲಿ ಸರಿಯಾಗಿ ಕೂಡುವ ದಪ್ಪದ ಸರಳನ್ನು ಆರಿಸಿ, ನಳಿಗೆಯಿಂದ ಹೊರಬಂದ ಬಳಿಕ ನೇರವಾಗಿ ಕೆಳಗಿಳಿಯುವಂತೆ ಬಾಗಿಸಿ, ತುದಿಯನ್ನು ಚಪ್ಪಟೆ ಮಾಡಿ ಕುಡಕ್ಕೆ ಬೋಲ್ಟು ಹಾಕಿದರು. ಚೌಕಟ್ಟಿಗೆ ವೆಲ್ಡಿಂಗನ್ನು ಎಲ್ಲಿಯೂ ತಾಗಿಸಲಿಲ್ಲ. ಸೈಕಲ್ಲಿನ ಕೊಳವೆ ಬಹು ತೆಳುವಾದದ್ದು. ಗೇಟು, ಟ್ರಾಲಿಗಳನ್ನು ಬೆಸೆದು ಅಭ್ಯಾಸವಾದ ಕೈ ಅದನ್ನು ಕ್ಷಣದಲ್ಲಿ ತೂತು ಮಾಡಿಬಿಡುತ್ತದೆ.

ಹ್ಯಾಂಡಲ್ಲನ್ನು ತಲೆಯ ನಳಿಗೆಯ ಬಳಿಯೇ ಕಟ್ಟಿ ಮೊದಲ ಸಲ ಹೊಲಕ್ಕೆ ಇಳಿದಾಗ ಅದು ಸಾಗಲಿಲ್ಲ. ಮುಂದಕ್ಕೆ ದೂಡಿದಷ್ಟೂ ಕುಡ ಮಣ್ಣು ಬಿಟ್ಟು ಮೇಲೇಳುತ್ತಿತ್ತು. ಅದನ್ನು ಒತ್ತಿ ಹಿಡಿಯುವುದರಲ್ಲಿಯೇ ತೋಳಿನ ಬಲವೆಲ್ಲ ತೀರಿ, ಎರಡು ಸಾಲಿಗೆ ಮನುಷ್ಯ ಕುಸಿದು ಕೂರುವಂತಾಯಿತು. ಕಾರಣ ಸರಳವಾದದ್ದು. ಹಿಡಿಯು ಎತ್ತರದಲ್ಲಿದ್ದು ಗಾಲಿಗೆ ಸಮೀಪವಾಗಿದ್ದರೆ, ದೂಡುವ ಬಲ ಇಡೀ ಸಾಧನವನ್ನು ಗಾಲಿಯ ಮೇಲೆ ಮುಗ್ಗರಿಸಲು ನೋಡುತ್ತದೆ. ಹಿಡಿಯನ್ನು ಹಿಂದಕ್ಕೆ ಚಾಚಿದಂತೆಲ್ಲ ಅಲ್ಪ ಒತ್ತಡವೇ ಆ ಮುಗ್ಗರಿಕೆಯನ್ನು ತಡೆಯುತ್ತದೆ. ನಮ್ಮ ಹಿರಿಯರು ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿದವರಲ್ಲ; ಎತ್ತಿನ ಕುಂಟೆಗೆ ಈಸಿನ ಉದ್ದ ಇಷ್ಟೇ ಇರಬೇಕೆಂದು ಅವರು ಹಟ ಹಿಡಿಯುತ್ತಿದ್ದುದರ ಹಿಂದೆ ಇಂಥ ತಿಳಿವಳಿಕೆಯೇ ಇತ್ತು.

ಎರಡನೆಯ ಸಲ, ತಲೆಯ ನಳಿಗೆಯಲ್ಲಿ ಉದ್ದನೆಯ ಬೋಲ್ಟನ್ನು ತೂರಿಸಿ, ಅದರ ಎರಡು ತುದಿಗಳಿಗೂ ಕಬ್ಬಿಣದ ಪಟ್ಟಿಗಳನ್ನು ಬಿಗಿದು, ಅವೆರಡೂ ಹಿಂದೆ ಒಂದೇ ಕೊಳವೆಗೆ ಕೂಡುವಂತೆ ಮಾಡಿ, ಎರಡೂಕಾಲು ಅಡಿ ಹಿಂದಕ್ಕೆ ಹ್ಯಾಂಡಲ್ಲನ್ನು ಕೂರಿಸಿದರು. ಈಗ ಕುಡ ನೆಲ ಹಿಡಿಯಿತು. ಆದರೆ ಅರ್ಧ ತಾಸಿನಲ್ಲಿ ಹಿಡಿ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಸಾಲು ವಂಕಾಯಿತು, ಹತ್ತಾರು ಸಸಿಗಳು ಬುಡಸಹಿತ ಹೋದವು. ಅಡ್ಡದಂಡವಿಲ್ಲದ ಚೌಕಟ್ಟಿನ ದೌರ್ಬಲ್ಯ ಹೊರಬಿದ್ದದ್ದು ಇಲ್ಲಿ. ಬೋಲ್ಟಿನ ಬಿಗಿತವೊಂದನ್ನೇ ನಂಬಿದರೆ ಉದ್ದನೆಯ ಹಿಡಿ ತಿರುಚುವುದು ಸಹಜ. ಅಷ್ಟರಲ್ಲಿ ಸಂಜೆಯಾಗಿತ್ತು, ಪಡುವಣದಲ್ಲಿ ಮೋಡ. ತರುಣನ ತಾಯಿ ಬದುವಿನ ಮೇಲೆ ಕುಳಿತು, “ಇನ್ನೇನ ಬಿಡಪಾ ತಮ್ಮಾ, ನಾಳಿ ನಾಕ ಮಂದಿ ಆಳ ಹಚ್ಚೂಣು” ಎಂದರಂತೆ. ಆಳಿಗೆ ಕೊಡುವ ಹಣ ಎಲ್ಲಿಂದ ಬರಬೇಕೆಂಬುದನ್ನು ಆ ತಾಯಿಯೂ ಬಲ್ಲರು.

ಪರಿಹಾರ ದೊರೆತದ್ದು ಬರಿದಾಗಿದ್ದ ಪೈಡ್ಲಿನ ಗೂಡಿನಲ್ಲಿ. ಮಗುಚಿದಾಗ ಗಾಲಿಯ ಮೇಲೆ ಎತ್ತರದಲ್ಲಿ ನಿಲ್ಲುವ ಆ ಗೂಡಿನೊಳಗೆ ಒಂದು ಅಡ್ಡಬೋಲ್ಟನ್ನು ಹಾಕಿ, ಅದರ ಎರಡೂ ತುದಿಗಳಿಂದ ಎರಡು ಸರಳುಗಳನ್ನು ಹ್ಯಾಂಡಲ್ಲಿನ ಎರಡು ತುದಿಗಳವರೆಗೆ ಎಳೆದು ಕಟ್ಟಿದರು. ಮೇಲಿನಿಂದ ನೋಡಿದರೆ ಮತ್ತೆ ತ್ರಿಕೋನವೇ. ಹೊಯ್ದಾಟ ನಿಂತಿತು. ರಾತ್ರಿ ಅಂಗಳದ ದೀಪದ ಬೆಳಕಿನಲ್ಲಿ ಮಗಳೇ ಸರಳು ಹಿಡಿದು ನಿಂತಿದ್ದಳೆಂದೂ, ಸರಳು ಬಗ್ಗದಂತೆ ಎಲ್ಲಿ ಹಿಡಿಯಬೇಕೆಂದು ತೋರಿಸಿದವಳೂ ಅವಳೇ ಎಂದೂ ತಂದೆ ಹೇಳಿದನು. ಖರ್ಚು ಎಷ್ಟಾಯಿತೆಂದು ಕೇಳಿದೆವು. ಕಂಬಾರನ ಕೂಲಿ, ಬೋಲ್ಟು, ಪಟ್ಟಿ, ಸರಳು ಎಲ್ಲ ಕೂಡಿ ಸಾವಿರ ರೂಪಾಯಿಯೊಳಗೆ ಎಂದನು. ರಾತ್ರಿ ಬಂದ ಮಳೆ ಹನಿಯೊಡೆದು ಹೋಗಿತ್ತು. ಮರುದಿನ ಬಿಸಿಲೇರುವ ಹೊತ್ತಿಗೆ ಮತ್ತೆ ಹೊಲಕ್ಕಿಳಿದು, ಮೂರು ದಿನಗಳಲ್ಲಿ ಅವನೂ ಅವನ ಹೆಂಡತಿಯೂ ಸರದಿಯ ಮೇಲೆ ದೂಡಿ ಹೆಸರಿನ ಹೊಲವನ್ನು ಮುಗಿಸಿದರು. ಸಾಲಿನ ನಡುವಿನ ಕಸ ಹೋಯಿತು. ಸಸಿಯ ಬುಡದಲ್ಲಿದ್ದುದನ್ನು ಕೈಯಿಂದಲೇ ಕೀಳಬೇಕಾಯಿತು.

ಈ ಸಾಧನದ ಮಿತಿಯನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯವಾದೀತು. ಎತ್ತಿನ ಜೋಡಿ ಸುಮಾರು ಒಂದು ಅಶ್ವಶಕ್ತಿಯಷ್ಟು ಕೆಲಸ ಮಾಡಬಲ್ಲದು. ಮನು‍ಷ್ಯನೊಬ್ಬ ದಿನವಿಡೀ ದುಡಿದರೆ ಅದರ ಹತ್ತನೆಯ ಒಂದು ಪಾಲು. ಆದ್ದರಿಂದ ಸೈಕಲ್ ಕುಂಟೆ ಒಂದಿಂಚು, ಒಂದೂವರೆ ಇಂಚಿನ ಆಳಕ್ಕೆ ಮಾತ್ರ ಹೋಗಬೇಕು. ಆಳ ಹೆಚ್ಚಿಸುವ ಆಸೆ ಎದೆನೋವಿಗೆ ದಾರಿ. ಕಸ ಎರಡೆಲೆ ಮೂರೆಲೆಯ ಹಂತದಲ್ಲಿರುವಾಗಲೇ ಹೊಡೆಯಬೇಕು. ಬೇರಿಳಿದು ಬಲಿತ ಕರಿಕೆಗೆ ಇದು ಉತ್ತರವಲ್ಲ. ಗಾಲಿಗೆ ಮಣ್ಣು ಹತ್ತುವಷ್ಟು ಹಸಿಯಿದ್ದಾಗ ಇಳಿಸಿದರೆ ಗಾಲಿ ತಿರುಗದೆ ಸಾಧನ ಸಾಲಿನುದ್ದಕ್ಕೂ ತೆವಳುತ್ತದೆ. ಕಲಘಟಗಿಯ ಕಡೆ, ಮಲೆನಾಡಿನ ಸೆರಗಿನಲ್ಲಿ, ಗೋವಿನಜೋಳದ ಹೊಲಗಳಿಗೆ ಒಗ್ಗೀತು; ಅಲ್ಲಿನ ಭತ್ತದ ಗದ್ದೆಗೆ ಒಗ್ಗದು. ಹತ್ತಿ, ಮೆಣಸಿನಕಾಯಿಗಳಂಥ ಅಗಲಸಾಲಿನ ಬೆಳೆಗೆ ಒಂದೇ ಸಾಲಿನಲ್ಲಿ ಎರಡು ಮೂರು ಸಲ ಸಾಗಬೇಕಾದೀತು.

ಇನ್ನೊಂದು ಪ್ರಶ್ನೆಯನ್ನು ಅದೇ ಊರಿನ ಒಬ್ಬ ಹಿರಿಯ ತಾಯಿ ನಮ್ಮೆದುರು ಎತ್ತಿದರು. ಕಸ ತೆಗೆಯುವುದು ಹೆಣ್ಣುಮಕ್ಕಳ ಕೂಲಿ. ಇಂಥ ಗಾಲಿಗಳು ಮನೆಮನೆಗೂ ಬಂದರೆ ಭೂಮಿಯಿಲ್ಲದ ನಮ್ಮ ಗತಿಯೇನು ಎಂದು. ಈ ಮಾತನ್ನು ತಳ್ಳಿಹಾಕುವುದು ತರವಲ್ಲ. ಆದರೆ ಈ ತರುಣನಂಥವರ ಮನೆಯಲ್ಲಿ ಆಳಿಗೆ ಕೊಡುವ ಹಣವೇ ಇಲ್ಲದಿರುವಾಗ, ಗಾಲಿ ಕಿತ್ತುಕೊಂಡದ್ದು ಕೂಲಿಯನ್ನಲ್ಲ, ಕಸಕ್ಕೆ ಹೋಗುತ್ತಿದ್ದ ಬೆಳೆಯನ್ನು ಎಂಬುದು ನಮ್ಮ ಎಣಿಕೆ. ಹತ್ತಾರು ಎಕರೆಯ ಒಡೆಯರು ಕೂಲಿ ತಪ್ಪಿಸಲು ಹೊಲದಲ್ಲಿ ಕಳೆನಾಶಕದ ವಿಷ ಹೊಡೆಯುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಧಾರವಾಡ ಸೀಮೆಗೆ ಇಂಥ ಮನೆಯ ಕಮ್ಮಟಗಳು ಹೊಸವಲ್ಲ. ನವಲಗುಂದದ ಜಮಖಾನ, ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ನಾಡೆಲ್ಲ ಬಲ್ಲದು. ಪಂಪನ ಊರೆಂದು ನಾವು ಹೆಮ್ಮೆಪಡುವ ಅಣ್ಣಿಗೇರಿಯಲ್ಲಿಯೇ ಅಬ್ದುಲ್ ಖಾದರ ನಡಕಟ್ಟಿನ ಅವರು ಬಾಳಿನುದ್ದಕ್ಕೂ ಒಕ್ಕಲುತನದ ಸಾಧನಗಳನ್ನು ಶೋಧಿಸಿದರು. ಚಿಕ್ಕಂದಿನಲ್ಲಿ ಬೆಳಗ್ಗೆ ಏಳಲಾಗದ ತಮ್ಮ ಕಷ್ಟಕ್ಕೆ ಅವರು ಕಂಡುಕೊಂಡ ಉಪಾಯ ಸ್ವಾರಸ್ಯವಾದದ್ದು. ಗಡಿಯಾರದ ಗಂಟೆಯ ಕೀಲಿಗೆ ದಾರ ಕಟ್ಟಿ, ಗಂಟೆ ಬಾರಿಸುವಾಗ ಕೀಲಿ ತಿರುಗಿ ದಾರ ಸುತ್ತಿಕೊಂಡು, ಅದರ ಇನ್ನೊಂದು ತುದಿಯಲ್ಲಿದ್ದ ನೀರಿನ ಬಾಟಲಿ ಮಗುಚಿ ಮುಖದ ಮೇಲೆ ನೀರು ಬೀಳುವಂತೆ ಮಾಡಿದ್ದರು! ಮುಂದೆ ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರವನ್ನೂ, ಬೀಜ ಗೊಬ್ಬರಗಳನ್ನು ಒಟ್ಟಿಗೆ ಬಿತ್ತುವ ಕೂರಿಗೆಯನ್ನೂ ಮಾಡಿದರು. ‘ನಡಕಟ್ಟಿನ ಕೂರಿಗೆ’ ಎಂದರೆ ಈ ಭಾಗದ ರೈತರಿಗೆ ವಿವರಣೆ ಬೇಡ. ೨೦೨೨ರಲ್ಲಿ ಕೇಂದ್ರ ಸರಕಾರವು ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಈ ತರುಣನ ಮನೆಯಲ್ಲಿಯೂ ಬಿತ್ತನೆ ಆಗುವುದು ಊರಿನವರೊಬ್ಬರ ಟ್ರ್ಯಾಕ್ಟರಿಗೆ ಕಟ್ಟಿದ ಅಂಥ ಕೂರಿಗೆಯಿಂದಲೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ನಿನ್ನ ಸಾಧನವನ್ನೂ ಒಯ್ದು ತೋರಿಸಬಾರದೇ ಎಂದು ನಾವು ಕೇಳಿದೆವು. “ಮೇಳದಾಗ ನಿಂದ್ರಾಕ ಅದು ಖಾಲಿ ಇರೂದಿಲ್ರೀ ಅಜ್ಜಾರ, ಆಕಿ ಕಾಲೇಜಿಗೆ ಬೇಕಲ್ರೀ” ಎಂದನು.

ಹೆಸರು ಬಿಡಿಸಿ ಒಕ್ಕಿದ ಬಳಿಕ ಅದು ಮತ್ತೆ ಸೈಕಲ್ಲಾಯಿತು. ಗಾಲಿಯ ನಡುವಿನ ಗುಂಡುಗಳಿಗೆಲ್ಲ ಮಣ್ಣು ಸೇರಿದ್ದರಿಂದ ಅವನ್ನು ತೆಗೆದು ಹೊಸವನ್ನು ಹಾಕಿ ಗ್ರೀಸು ತುಂಬಬೇಕಾಯಿತು. ಸೀಟಿನ ನಳಿಗೆಯ ಬಾಯಿ ತಾಳಿನ ಜಗ್ಗಾಟಕ್ಕೆ ಕೂದಲೆಳೆಯಷ್ಟು ಅಗಲವಾಗಿತ್ತು; ಸೀಟು ಜಾರದಿರಲೆಂದು ಒಳಗೆ ತಗಡಿನ ಸುರುಳಿಯೊಂದನ್ನು ಕೂರಿಸಿದ್ದರು. ಮುಂದಿನ ವರ್ಷ ಮೊದಲೇ ಆ ತಗಡನ್ನು ಹಾಕಿ, ಗಾಲಿಯ ಎರಡೂ ಬದಿಗೆ ಹಳೆಯ ಟ್ಯೂಬಿನ ಉಂಗುರ ಕತ್ತರಿಸಿ ಬಿಗಿದು ಮಣ್ಣು ಒಳಹೋಗದಂತೆ ತಡೆಯಬೇಕೆಂದು ತಂದೆ ಮಗಳು ಮಾತಾಡಿಕೊಂಡಿದ್ದಾರೆ. ಕುಡ, ತಾಳು, ಎರಡು ಸರಳುಗಳಿಗೆ ಎಣ್ಣೆ ಸವರಿ, ಅಡ್ಡಬೋಲ್ಟನ್ನು ಅವಕ್ಕೇ ಕಟ್ಟಿ, ಹಿಂದೆ ನೊಗ ತೂಗುಹಾಕುತ್ತಿದ್ದ ಗೂಟಕ್ಕೆ ತೂಗುಹಾಕಿದ್ದಾರೆ.